ಅದಕ್ಕೆ ಮುಂಚೆ ಬರಬೇಡಿ

ಗುತ್ತಲು ರಸ್ತೆಯಲ್ಲಿ ವೆಲ್ಡಿಂಗ್ ಶೆಡ್ಡಿಗೂ ಬೆಲ್ಲದ ಮಂಡಿಗೂ ನಡುವೆ
ಖಲಂದರ್ ಸಾಬರ ಮೋಟಾರ್ ವೈಂಡಿಂಗು.
ಗೋಡೆಯೇ ಲೆಕ್ಕದ ಪುಸ್ತಕ.
ಸೀಮೆಸುಣ್ಣದಲ್ಲಿ ಊರು, ಹಾರ್ಸ್‌ಪವರು, ಮುಂಗಡ:
ಹೊಳಲು ಐದು, ಕೆರಗೋಡು ಏಳೂವರೆ,
ಬಸರಾಳಿನದು ಯಾರದೋ ಬೆನ್ನಿಗೆ ಒರೆಸಿಹೋಗಿ
ಬರೀ 'ಳು' ಉಳಿದಿತ್ತು.

"ಆಯ್ತಾ ಸಾಬ್ರೇ?"
"ನಾಳೆ ಬನ್ನಿ."
ಬಸ್ಸಿಗೆ ದುಡ್ಡು ಕೊಟ್ಟು ನಾಳೆಯನ್ನು ನೋಡಲು ಬಂದವರು
ಬಿಚ್ಚಿಟ್ಟ ಮೋಟಾರು ನೋಡಿ
ಟೀ ಕುಡಿದು ವಾಪಸ್ಸು.

ನಾನು ಸೇರಿದ್ದು ಬಿಲ್ಲು ಬರೆಯಲು.
ಮೂರನೇ ತಿಂಗಳು ಒಂದು ಹಳೇ ಕಂಪ್ಯೂಟರು ಬಂತು, ಒಂದು ವಾಟ್ಸಾಪ್ ನಂಬರು,
ಸರಸ್ವತಿಪುರಂನ ಹುಡುಗನೊಬ್ಬ ಹಾಕಿಕೊಟ್ಟ ವ್ಯವಸ್ಥೆ.
ಮೋಟಾರು ಒಳಬಂದರೆ ಟೋಕನ್ನು,
ಬಿಚ್ಚಿದರೆ ಒಂದು ಸಂದೇಶ, ಮುಗಿದರೆ ಇನ್ನೊಂದು.
ಹುಡುಗ ಬರೆದಿದ್ದ:
"ಆತ್ಮೀಯ ಗ್ರಾಹಕರೇ, ತಮ್ಮ ಸೇವಾ ವಿನಂತಿಯು ಪ್ರಕ್ರಿಯೆಯಲ್ಲಿದೆ."
ಸಾಬರು ಓದಿಸಿ ಕೇಳಿದರು, "ಕೋರ್ಟಿಂದ ಬಂದಿದ್ದಾ ಇದು?"

ಅಳಿಸಿ ನಾನು ಬರೆದೆ:
"ನಿಮ್ಮ ಮೋಟಾರು ಬಿಚ್ಚಿದ್ದೀವಿ. ಕಾಯಿಲ್ ಸುಟ್ಟಿದೆ.
ನಾಲ್ಕು ಸಾವಿರದ ಇನ್ನೂರು ಆಗುತ್ತೆ. ಸರಿ ಅಂದ್ರೆ ಒಂದು ಒತ್ತಿ.
ಗುರುವಾರ ಕೊಡ್ತೀವಿ. ಅದಕ್ಕೆ ಮುಂಚೆ ಬರಬೇಡಿ."

ಬರಬೇಡಿ ಅಂತ ಗಿರಾಕಿಗೆ ಯಾರಾದರೂ ಹೇಳ್ತಾರಾ?
ಸಾಬರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.
ಆಮೇಲೆ ಗುರುವಾರವೆಂದರೆ ಗುರುವಾರವೇ ಆಗಬೇಕಾಯಿತು.
ಹೇಳಿದ್ದು ಯಂತ್ರ. ಅದಕ್ಕೆ ನಾಚಿಕೆಯಿಲ್ಲ,
ನಮಗಿತ್ತು.

ಎಲ್ಲರೂ ಒಂದು ಒತ್ತಲಿಲ್ಲ.
ಹನಿಯಂಬಾಡಿಯ ಸಣ್ಣತಾಯಮ್ಮ ಫೋನೇ ಮಾಡುತ್ತಿದ್ದರು:
"ಒಂದು ಒತ್ತಿವ್ನಿ ಕಣವ್ವ, ಕಾಣ್ತದಾ?"
ಒಬ್ಬರು ಬೀಡಿ ಕಟ್ಟಿನ ಕಾಗದದ ಮೇಲೆ ಒಂದು ಎಂದು ಬರೆದು
ಅದರ ಫೋಟೋ ಕಳಿಸಿದರು.
ಕೈಮುಗಿದ ಚಿತ್ರ ಬಂದಾಗಲೆಲ್ಲ ಯಂತ್ರದ ಉತ್ತರ:
"ಕ್ಷಮಿಸಿ, ಅರ್ಥವಾಗಲಿಲ್ಲ."
ಅದರ ಪರವಾಗಿ ಒಬ್ಬೊಬ್ಬರಿಗೂ
ನಾನು ತಿರುಗಿ ಕೈಮುಗಿದೆ.

ಟೋಕನ್ ಮುನ್ನೂರ ಹನ್ನೆರಡು, ದುದ್ದದ ಮರಿಸಿದ್ದಯ್ಯ,
ಬಾವಿಯ ಮೋಟಾರು, ಗುರುವಾರವೇ ಒಯ್ದಿದ್ದರು.
ಶನಿವಾರ ಯಂತ್ರ ಕೇಳಿತು:
ಕೆಲಸ ಹೇಗಿತ್ತು, ಐದರಲ್ಲಿ ಎಷ್ಟು?
ರಾತ್ರಿ ಎರಡು ನಲವತ್ತಕ್ಕೆ, ತ್ರೀಫೇಸ್ ಬಂದ ಹೊತ್ತಿನಲ್ಲಿ,
ಐವತ್ತೊಂದು ಸೆಕೆಂಡಿನ ಧ್ವನಿ.
ಮಾತಿಲ್ಲ.
ತೊಟ್ಟಿಗೆ ನೀರು ಬೀಳುವ ಸದ್ದು,
ಒಂದು ನಾಯಿ, ಒಂದು ಕೆಮ್ಮು.
ಕ್ಷಮಿಸಿ, ಅರ್ಥವಾಗಲಿಲ್ಲ.
ಮತ್ತೆ ಕಳಿಸಿದರು, ಅದೇ ನೀರು.
ಕ್ಷಮಿಸಿ.
ಮೂರನೇ ಸಲ ಇನ್ನೂ ಹತ್ತಿರದಿಂದ.

ಬೆಳಿಗ್ಗೆ ಕೇಳಿ ನಕ್ಕು, ನಾನೇ ಐದು ನಕ್ಷತ್ರ ಹಾಕಿಕೊಂಡೆ.
ತಾಮ್ರದ ತಂತಿ ಸುತ್ತುತ್ತಿದ್ದ ಸಾಬರ ಕೈ ನಿಂತಿತು.
"ಇನ್ನೊಂದ್ಸಲ ಹಾಕು."
ಎದ್ದು ಬಂದು ಫೋನನ್ನು ಕಿವಿಗೆ ಒತ್ತಿಕೊಂಡರು.
"ನೀರು ಬಿಡು. ನೀರಿನ ಕೆಳಗೆ ಕೇಳು."
ನನಗೇನೂ ಕೇಳಿಸಲಿಲ್ಲ.
"ಬೇರಿಂಗು. ನಾವೇ ಹಾಕಿದ್ದು.
ಒಂದು ವಾರ ತಡೆಯೋಲ್ಲ."

ಮರಿಸಿದ್ದಯ್ಯನಿಗೆ ಫೋನು ಮಾಡಿದೆ.
"ಕಂಪ್ಲೇಂಟಾ? ಅಯ್ಯೋ, ನೀರು ಬಂತು ಅಂತ
ಕೇಳ್ಸುಕ್ ಕಳ್ಸ್ದೆ ಕಣವ್ವ!"
ಸಾಬರು ಮೂರು ಸೆಲ್ಲಿನ ಟಾರ್ಚು, ಎರಡು ಬೇರಿಂಗು
ಚೀಲಕ್ಕೆ ಹಾಕಿಕೊಂಡು ಆಗಲೇ ಗಾಡಿ ಒದೆಯುತ್ತಿದ್ದರು.
ಬಿಲ್ಲು ಬರೆಯಬೇಡ ಎಂದು
ಬೆರಳಲ್ಲೇ ಹೇಳಿದರು.

ಈಗ ನಕ್ಷತ್ರ ಕೇಳುವುದಿಲ್ಲ.
"ಮೋಟಾರು ಓಡುವಾಗ ಫೋನು ಹತ್ತಿರ ಹಿಡಿಯಿರಿ.
ಒಂದು ನಿಮಿಷ ಮಾತಾಡಬೇಡಿ."
ಬೆಳಿಗ್ಗೆ ಶಟರ್ ಎತ್ತಿದರೆ
ಹದಿನಾರು ಊರಿನ ರಾತ್ರಿ ನೀರು ಫೋನಿನಲ್ಲಿ ಕಾದಿರುತ್ತದೆ.
ಸಾಬರು ಕಣ್ಣು ಮುಚ್ಚಿ ಒಂದೊಂದಾಗಿ ಕೇಳುತ್ತಾರೆ,
ಟೀ ಆರುತ್ತದೆ.

ಸಣ್ಣತಾಯಮ್ಮನಿಗೆ ಮಾತ್ರ ಸುಮ್ಮನಿರಲು ಬರುವುದಿಲ್ಲ.
ನೀರಿನ ನಡುವೆಯೇ ಕೂಗುತ್ತಾರೆ:
"ಸಾಬ್ರೇ, ಕೇಳ್ತದಾ?"
ಮುದ್ರಿತ ದನಿಗೆ ತಲೆಯಾಡಿಸಿ ಸಾಬರು,
"ಕೇಳ್ತದೆ, ಕೇಳ್ತದೆ."